ಕನೆಕ್ಷನ್ ಇಳಿಸಿದೆ, ಕಾಟಾ ಸಾಲು ಕರಗಿತು

ಹೊಸ ಸರ್ವರ್‌ಗೆ ನಾಲ್ಕು ಲಕ್ಷದ ಕೊಟೇಶನ್ ಬಂದಿತ್ತು. ನಾನು ಕೆಲಸ ಮುಗಿಸಿದ್ದು ಸುಮಾರು 65 ಸಾವಿರದಲ್ಲಿ.

ಗಂಗಾವತಿಯ ಅಕ್ಕಿ ಗಿರಣಿಯೊಂದರ ಇಆರ್‌ಪಿ ಅದು, ಅಂದರೆ ಖರೀದಿ, ಸ್ಟಾಕ್, ಲೆಕ್ಕ ಎಲ್ಲ ನೋಡುವ ಸಾಫ್ಟ್‌ವೇರ್. ಕಾರಟಗಿ, ಸಿಂಧನೂರಿನ ಶಾಖೆಗಳೂ ಅದಕ್ಕೇ ಕೂಡಿವೆ. ಬಳಸುವವರು 70ರ ಆಸುಪಾಸು. ಭತ್ತದ ಆವಕ ಜೋರಾದರೆ ಕಾಟಾ (ತೂಕದ) ಚೀಟಿ ಬರಲು 40 ಸೆಕೆಂಡ್ ಹಿಡಿಯುತ್ತಿತ್ತು, ಗೇಟಿನಾಚೆ ಟ್ರ್ಯಾಕ್ಟರ್ ಸಾಲು. ಈಗ ಎರಡು ಸೆಕೆಂಡಿನೊಳಗೆ ಚೀಟಿ ಕೈಗೆ ಬರುತ್ತದೆ.

ಆ್ಯಪ್ ಓಡಿಸುವ ಟಾಮ್‌ಕ್ಯಾಟ್, ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ 9.6 ಎರಡೂ 16 ಜಿಬಿಯ ಒಂದೇ ವಿಂಡೋಸ್ ಯಂತ್ರದಲ್ಲಿದ್ದವು. ನಿಧಾನವಾದಾಗಲೆಲ್ಲ ಮ್ಯಾಕ್ಸ್ ಕನೆಕ್ಷನ್ಸ್ (ಡೇಟಾಬೇಸ್‌ಗೆ ಒಮ್ಮೆಗೆ ಕೂಡಬಹುದಾದ ಕನೆಕ್ಷನ್‌ಗಳ ಮಿತಿ) ಏರಿಸಿ ಏರಿಸಿ 500ಕ್ಕೆ ತಂದಿಟ್ಟಿದ್ದರು. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್‌ಗೂ ಒಂದೊಂದು ಪ್ರೊಸೆಸ್. ಅದರ ಮೇಲೆ ವರ್ಕ್ ಮೆಮ್ (ವಿಂಗಡಣೆಯಂಥ ಒಂದೊಂದು ಕೆಲಸಕ್ಕೆ ಬಿಡುವ ಮೆಮೊರಿ) 64 ಎಂಬಿ. ನಾಲ್ಕು ಕೋರ್ ಮೇಲೆ ಮುನ್ನೂರು ಪ್ರೊಸೆಸ್ ಬಿದ್ದರೆ ಮೆಮೊರಿ ತುಂಬಿ ಡಿಸ್ಕ್ ಉಸಿರುಗಟ್ಟುತ್ತದೆ. ನಾನೂ ಮೊದಲು ತಪ್ಪು ದಾರಿ ಹಿಡಿದು 14 ಸಾವಿರಕ್ಕೆ 32 ಜಿಬಿ ರ‍್ಯಾಮ್ ಹಾಕಿಸಿದೆ. ಹತ್ತೇ ದಿನಕ್ಕೆ ಅದೇ ಗೋಳು. ಆ ರ‍್ಯಾಮ್ ಆಮೇಲೆ ಡೇಟಾಬೇಸ್‌ಗೆಂದು ಜೋಡಿಸಿದ ಹೊಸ ಯಂತ್ರಕ್ಕೆ ಹೋಯಿತು. ಟಾಮ್‌ಕ್ಯಾಟ್‌ಗೆ ಆಫೀಸಿನಲ್ಲಿ ಸುಮ್ಮನೆ ಕೂತಿದ್ದ ಐ5 ಸಾಕಾಯಿತು. ಎರಡಕ್ಕೂ ಉಬುಂಟು ಲಿನಕ್ಸ್. ಟಾಮ್‌ಕ್ಯಾಟ್ 9ನ್ನು ದಾಟಬೇಡಿ. 10ರಲ್ಲಿ ಜಾವಾ ಪ್ಯಾಕೇಜ್‌ಗಳ ಹೆಸರು ಜಾವಾಎಕ್ಸ್ ಹೋಗಿ ಜಕಾರ್ತಾ ಆಗಿದೆ, ಹಳೆಯ ವಾರ್ ಫೈಲ್ (ಆ್ಯಪ್‌ನ ಗಂಟು) ಹಾಗೆಯೇ ಹಾಕಿದರೆ ಏಳುವುದಿಲ್ಲ.

ಪೋಸ್ಟ್‌ಗ್ರೆಸ್ 15ಕ್ಕೆ ಶೇರ್ಡ್ ಬಫರ್ಸ್ (ಡೇಟಾ ಇಟ್ಟುಕೊಳ್ಳುವ ಹಂಚಿಕೆಯ ಮೆಮೊರಿ) 8 ಜಿಬಿ, ವರ್ಕ್ ಮೆಮ್ 16 ಎಂಬಿ, ಎಸ್‌ಎಸ್‌ಡಿ ಆದ್ದರಿಂದ ರ‍್ಯಾಂಡಮ್ ಪೇಜ್ ಕಾಸ್ಟ್ (ಡಿಸ್ಕ್‌ನಲ್ಲಿ ಅಲ್ಲಲ್ಲಿ ಹುಡುಕಿ ಓದುವುದರ ಅಂದಾಜು ವೆಚ್ಚ) 4ರಿಂದ 1.1ಕ್ಕೆ. ಮ್ಯಾಕ್ಸ್ ಕನೆಕ್ಷನ್ಸ್ 60, ಆ್ಯಪ್ ಕಡೆ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ ಹಿಕಾರಿ ಪೂಲ್ ಬರೀ 20. 70 ಜನಕ್ಕೆ 20 ಹೇಗೆ ಸಾಲುತ್ತದೆ ಅಂತ ಎಲ್ಲರೂ ತಲೆ ಅಲ್ಲಾಡಿಸಿದರು. ಚೀಟಿಯ ಕ್ವೆರಿಗೆ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗೆ) 30 ಮಿಲಿಸೆಕೆಂಡ್ ಸಾಕು, ಅಂದರೆ ಒಂದು ಕನೆಕ್ಷನ್ ಸೆಕೆಂಡಿಗೆ ಸುಮಾರು 30 ಕೆಲಸ ಮುಗಿಸುತ್ತದೆ. ದಾರಿಗೆ ಅಡ್ಡ ನಿಂತಿದ್ದು ಸ್ಟಾಕ್ ವರದಿ, ನಾಲ್ಕು ನಿಮಿಷ ಕನೆಕ್ಷನ್ ಬಿಡುತ್ತಿರಲಿಲ್ಲ. ಅದಕ್ಕೆ ಮೂರರ ಬೇರೆ ಪೂಲ್ ಕೊಟ್ಟು ಸ್ಟೇಟ್‌ಮೆಂಟ್ ಟೈಮ್‌ಔಟ್ (ಕ್ವೆರಿ ಓಡುವ ಸಮಯಕ್ಕೆ ಮಿತಿ) ಹಾಕಿದೆ. ಆ ಕ್ವೆರಿಯನ್ನು ಹೇಗೆ ಒಡೆದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಅದು ನನ್ನ ಅನ್ನದ ದಾರಿ.

ನಡುವೆ ಪಿಜಿ ಬೌನ್ಸರ್ (ಆ್ಯಪ್, ಡೇಟಾಬೇಸ್ ಮಧ್ಯೆ ಕೂತು ಕನೆಕ್ಷನ್ ಹಂಚುವ ಸಾಧನ) ಹಳೆಯ ಆವೃತ್ತಿಯನ್ನು ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಹಾಕಿ ನೋಡಿದೆ, ಅದರಲ್ಲಿ ಒಂದೊಂದು ವಹಿವಾಟು ಮುಗಿದೊಡನೆ ಕನೆಕ್ಷನ್ ಇನ್ನೊಬ್ಬರಿಗೆ ಹೋಗುತ್ತದೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಮೊದಲೇ ಸಿದ್ಧ ಮಾಡಿಟ್ಟ ಕ್ವೆರಿ) ಸಿಗುತ್ತಿಲ್ಲ ಎಂಬ ಎರರ್ ಸಾಲುಸಾಲಾಗಿ ಬಂತು. ಜಾವಾವನ್ನು ಡೇಟಾಬೇಸ್‌ಗೆ ಕೂಡಿಸುವ ಜೆಡಿಬಿಸಿಯಲ್ಲಿ ಪ್ರಿಪೇರ್ ಥ್ರೆಶೋಲ್ಡ್ ಸೊನ್ನೆ ಮಾಡಿದರೆ ನಿಲ್ಲುತ್ತದೆ. ಆದರೆ ಒಂದೇ ಆ್ಯಪ್ ಸರ್ವರ್ ಇರುವಲ್ಲಿ ಅದರ ಹಂಗು ಬೇಕಿಲ್ಲ, ತೆಗೆದುಬಿಟ್ಟೆ.

ಬದಲಾವಣೆಗೆ ಅಮಾಸಿ ದಿನ ಗೊತ್ತು ಮಾಡಿದ್ದೆ, ಅವತ್ತು ಹಮಾಲಿ ಕೆಲಸ ಬಂದ್. ಡಂಪ್ (ಡೇಟಾಬೇಸ್‌ನ ಪೂರ್ತಿ ನಕಲು) ತೆಗೆಯುವಾಗ ಹೊಸ ಯಂತ್ರದ ಪಿಜಿ ಡಂಪ್ 15ನ್ನೇ ಹಳೆಯ ಡೇಟಾಬೇಸ್ ಕಡೆ ತಿರುಗಿಸಿ. 40 ಜಿಬಿಗೆ ಮುಕ್ಕಾಲು ಗಂಟೆ, ನಾಲ್ಕು ಜಾಬ್ ಹಾಕಿ ರಿಸ್ಟೋರ್ ಮಾಡಲು ಇನ್ನೊಂದು ಅರ್ಧ ಗಂಟೆ ಹಿಡಿಯಿತು.

ಮೊದಲ ಅಮಾಸಿ ಕೈಕೊಟ್ಟಿತು. ಆ್ಯಪ್ ಲಾಗಿನ್ ಆಗಲೇ ಇಲ್ಲ, ಲಾಗ್‌ನಲ್ಲಿ ‘ಅಥೆಂಟಿಕೇಶನ್ ಟೈಪ್ 10’ ಎಂಬ ಎರರ್. ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್ ಮಾಮೂಲಿಯಾಗಿ ಸ್ಕ್ರ್ಯಾಮ್ ಎಂಬ ಹೊಸ ಗೂಢ ರೂಪದಲ್ಲಿ ಉಳಿಯುತ್ತದೆ, ಹಳೆಯ ಜೆಡಿಬಿಸಿ ಜಾರ್‌ಗೆ (ಜಾವಾ ಫೈಲ್‌ಗೆ) ಅದು ಗೊತ್ತಿಲ್ಲ. 42.2 ಅಥವಾ ಅದರ ನಂತರದ ಜಾರ್ ಹಾಕಬೇಕು. ಅದು ಸರಿಯಾದ ಮೇಲೆ ಎಲ್ಲವೂ ಹಳೆಯ ಯಂತ್ರಕ್ಕಿಂತ ನಿಧಾನ! 15ರಲ್ಲಿ ರಿಸ್ಟೋರ್ ಜೊತೆ ಪ್ಲ್ಯಾನರ್‌ನ (ಕ್ವೆರಿಗೆ ದಾರಿ ಆರಿಸುವ ಭಾಗದ) ಅಂಕಿಅಂಶ ಬರುವುದಿಲ್ಲ, ಅದನ್ನು ಹೊಸದಾಗಿ ಎಣಿಸುವ ಅನಲೈಸ್ ಓಡಿಸಲೇಬೇಕು. ಅಷ್ಟರಲ್ಲಿ ಬೆಳಗಾಗಿತ್ತು, ಹಳೆಯದಕ್ಕೇ ಮರಳಿದೆವು.

ಎರಡನೇ ಅಮಾಸಿಗೆ ಹೊಸದು ನೆಲೆ ನಿಂತಿತು, ಒಂದು ಕೊಕ್ಕೆ ಮಾತ್ರ ಉಳಿಯಿತು. ರಾತ್ರಿ ಎರಡು ಗಂಟೆಯ ಚೀಟಿಗಳು ಹಿಂದಿನ ದಿನಾಂಕಕ್ಕೆ ಬಿದ್ದವು. ಉಬುಂಟು ಯುಟಿಸಿಯಲ್ಲಿತ್ತು (ಜಾಗತಿಕ ಸಮಯ), ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಪೋಸ್ಟ್‌ಗ್ರೆಸ್‌ನಲ್ಲಷ್ಟೇ ಏಷ್ಯಾ ಕೋಲ್ಕತ್ತಾ (ಭಾರತದ ಸಮಯ) ಅಂತ ಹಾಕಿದರೆ ಬದಲಾಗಲಿಲ್ಲ. ಜೆಡಿಬಿಸಿ ಜಾವಾದ ಟೈಮ್‌ಝೋನನ್ನೇ ಸೆಶನ್‌ಗೆ ಹೊರಿಸುತ್ತದೆ. ಟಾಮ್‌ಕ್ಯಾಟ್‌ನ ಜಾವಾ ಆಪ್ಷನ್‌ನಲ್ಲೂ ಯೂಸರ್ ಟೈಮ್‌ಝೋನ್ ಕೊಟ್ಟ ಮೇಲೆ ಸರಿಹೋಯಿತು. ತಪ್ಪು ದಿನಾಂಕದ 23 ಚೀಟಿಗಳನ್ನು ಕಾಟಾದ ಕಾಗದ ಪ್ರತಿಗಳ ಜೊತೆ ಒಂದೊಂದೇ ತಾಳೆ ನೋಡಿ ತಿದ್ದಿದೆ.