ಹೈಬ್ರಿಡ್ ಬೆಂಡೆಗೆ ಹಳೆಯ ಕ್ರಮ ಸಾಲದು

ನಮ್ಮ ಕಾಸರಗೋಡಿನ ಹಳೆಯ ಮನೆಗಳಲ್ಲಿ ಒಲೆಯ ಮೇಲುಗಡೆ ಬಲಿತ ಬೆಂಡೆಕಾಯಿಗಳನ್ನು ಕಟ್ಟಿ ತೂಗಹಾಕುತ್ತಿದ್ದರು. ಹೊಗೆ ತಾಗಿದ ಆ ಬೀಜವೇ ಮುಂದಿನ ಮಳೆಗಾಲದ ನೆಟ್ಟಿಗೆ ಆಧಾರ. ಅದೇ ಅಭ್ಯಾಸದಿಂದ ನಾನೂ ಮೊದಲ ಸಲ ಹೈಬ್ರಿಡ್ ಬೆಂಡೆ ಬೆಳೆಸಿದಾಗ ಚೆಂದದ ನಾಲ್ಕು ಕಾಯಿಗಳನ್ನು ಬಲಿಯಲು ಬಿಟ್ಟು ಬೀಜ ತೆಗೆದಿರಿಸಿದೆ. ಮರುವರ್ಷ ಒಂದೇ ಸಾಲಿನಲ್ಲಿ ಒಂದು ಗಿಡದ ಕಾಯಿ ಕಡುಹಸಿರಾದರೆ ಪಕ್ಕದ್ದು ಮಾಸಲು ಬಣ್ಣದ ಗಿಡ್ಡ ಕಾಯಿ, ಅದರಾಚೆಯದು ಮುಟ್ಟಿದರೆ ಕೈ ತುರಿಸುವಷ್ಟು ಸುಂಕಿನದು. ಎರಡು ಬೇರೆ ಬೇರೆ ತಾಯಿತಂದೆಯರ ಗುಣ ಹೈಬ್ರಿಡ್ ಗಿಡದ ಮೊದಲ ತಲೆಮಾರಿನಲ್ಲಿ ಮಾತ್ರ ಒಂದಾಗಿರುತ್ತದೆ, ಮುಂದಿನದರಲ್ಲಿ ಚೆದುರಿಹೋಗುತ್ತದೆ. ಆದುದರಿಂದ ಈ ಬೀಜವನ್ನು ಪ್ರತಿ ಸಲವೂ ಹೊಸದಾಗಿಯೇ ಕೊಳ್ಳಬೇಕು. ಬೀಜ ಉಳಿಸುವ ಆಸೆಯುಳ್ಳವರು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕದಂತಹ, ಹೈಬ್ರಿಡ್ ಅಲ್ಲದ ತಳಿಯನ್ನೋ ಊರ ಬೆಂಡೆಯನ್ನೋ ಬೇರೆ ಬೆಂಡೆಯಿಂದ ದೂರದಲ್ಲಿ ಬೆಳೆಸುವುದು ಒಳ್ಳೆಯದು, ಏಕೆಂದರೆ ಜೇನ್ನೊಣಗಳು ಹೂವಿಂದ ಹೂವಿಗೆ ಪರಾಗವನ್ನು ಒಯ್ಯುತ್ತವೆ.

ಬಿತ್ತುವ ಮುನ್ನ ಬೀಜವನ್ನು ರಾತ್ರಿಯಿಡೀ ನೆನೆಹಾಕುವುದು ನಮ್ಮ ಹಿರಿಯರ ರೂಢಿ. ಆದರೆ ಪೊಟ್ಟಣದ ಬೀಜಕ್ಕೆ ಗುಲಾಬಿ, ನೀಲಿ ಅಥವಾ ಹಸಿರು ಬಣ್ಣ ಬಳಿದಿದ್ದರೆ ಅದು ಔಷಧಿ ಲೇಪಿಸಿದ ಬೀಜ. ನೆನೆಹಾಕಿದರೆ ಎಳೆಗಿಡವನ್ನು ಕಾಯಬೇಕಾದ ಔಷಧಿ ನೀರಿಗೆ ಹೋಗುತ್ತದೆ. ಅಂತಹ ಬೀಜವನ್ನು ತೇವವಿರುವ ಮಣ್ಣಿನಲ್ಲಿ ನೇರವಾಗಿ ಒಂದು ಅಂಗುಲದೊಳಗಿನ ಆಳಕ್ಕೆ ಊರಿ ಕೈ ತೊಳೆದುಕೊಳ್ಳಬೇಕು. ಉಳಿದ ಬೀಜ ಮಕ್ಕಳಿಗೂ ಕೋಳಿಗಳಿಗೂ ಸಿಗಬಾರದು.

ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಮಳೆ ಸಾರವನ್ನೆಲ್ಲ ತೊಳೆದೊಯ್ದು ಹುಳಿಯನ್ನು ಉಳಿಸಿರುತ್ತದೆ. ಹೈಬ್ರಿಡ್ ಎಂದು ದುಬಾರಿ ಬೀಜ ತಂದು ಹುಳಿಮಣ್ಣಿಗೆ ಹಾಕಿ, ಆಮೇಲೆ ಬೀಜವನ್ನು ದೂರುವವರೇ ಹೆಚ್ಚು. ಬಿತ್ತುವುದಕ್ಕೆ ಹದಿನೈದು ದಿನ ಮೊದಲು ಸೆಂಟ್ಸಿಗೆ (ಎಕರೆಯ ನೂರನೇ ಒಂದು ಭಾಗಕ್ಕೆ) 2ರಿಂದ 3 ಕಿಲೋ ಸುಣ್ಣವನ್ನು ಮಣ್ಣಿಗೆ ಬೆರೆಸಿ, ಬಿತ್ತುವ ಹೊತ್ತಿಗೆ ಹುಡಿಯಾದ ಹಟ್ಟಿಗೊಬ್ಬರ ಕೊಡಿ. ಸುಣ್ಣವನ್ನೂ ಗೊಬ್ಬರವನ್ನೂ ಒಂದೇ ದಿನ ಹಾಕಬೇಡಿ. ಕಸಕಡ್ಡಿಯೊಂದಿಗೆ ಮಣ್ಣನ್ನು ಸುಟ್ಟು ಸುಡುಮಣ್ಣು ಮಾಡುವವರಿದ್ದರೆ ಅದೂ ಸೇರಲಿ. ಮಳೆಗಾಲಕ್ಕೆ ಏರುಸಾಲು ಬೇಕೇ ಬೇಕು, ಬೆಂಡೆಯ ಬೇರು ನಿಂತ ನೀರನ್ನು ಸಹಿಸದು. ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ ಬಿಸಿಲೂ ಗಾಳಿಯೂ ಆಡುತ್ತವೆ.

ಬೇಸಗೆ ಬೆಳೆಗೆ ದೊಡ್ಡ ಶತ್ರು ಹಳದಿ ನರದ ರೋಗ. ಮೊದಲು ಎಲೆಯ ನರಗಳು ಮಾತ್ರ ಹಳದಿ ಬಲೆಯಂತೆ ಕಾಣುತ್ತವೆ, ನಡುವಿನ ಭಾಗ ಹಸಿರಾಗಿಯೇ ಇರುತ್ತದೆ. ಕ್ರಮೇಣ ಎಲೆ ಪೂರ್ತಿ ಬಿಳಚಿ, ಕಾಯಿಯೂ ಹಳದಿಯಾಗಿ ನಾರಾಗುತ್ತದೆ. ಇದನ್ನು ಹರಡುವುದು ಎಲೆಯಡಿಯ ಬಿಳಿನೊಣ. ಪೊಟ್ಟಣದ ಮೇಲೆ ರೋಗನಿರೋಧಕವೆಂದು ಬರೆದಿದ್ದರೂ ಪೂರ್ತಿ ನಂಬಿ ಕೂರಬಾರದು. ರೋಗ ಕಂಡ ಗಿಡಕ್ಕೆ ಮದ್ದಿಲ್ಲ; ಕನಿಕರಪಡದೆ ಕಿತ್ತು ಸುಡಬೇಕು. ಉಳಿದವುಗಳಿಗೆ ಲೀಟರು ನೀರಿಗೆ 5 ಮಿ.ಲೀ. ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಚೆನ್ನಾಗಿ ಕದಡಿ, ಸಂಜೆಯ ಹೊತ್ತು ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಿ.

ಬಿತ್ತಿದ ಒಂದೂವರೆ ತಿಂಗಳ ಸುಮಾರಿಗೆ ಹೂ ಕಂಡರೆ, ಹೂ ಅರಳಿದ ಐದಾರು ದಿನಗಳಲ್ಲಿ ಕಾಯಿ ಕೊಯ್ಲಿಗೆ ಸಿದ್ಧ. ತುದಿಯನ್ನು ಬೆರಳಿನಿಂದ ಬಗ್ಗಿಸಿದಾಗ ಟಕ್ಕೆಂದು ಮುರಿದರೆ ಎಳತು, ಬಳುಕಿದರೆ ಬಲಿತಿದೆ. ಎಲೆಮರೆಯಲ್ಲಿ ಒಂದೆರಡು ಕಾಯಿ ಬಲಿಯಲು ಬಿಟ್ಟರೆ ಗಿಡ ಬೀಜ ತುಂಬಿಸುವುದರಲ್ಲೇ ತೊಡಗಿ ಹೊಸ ಹೂ ಕಡಿಮೆಯಾಗುತ್ತದೆ. ಹೀಗಾಗಿ ಎರಡು ದಿನಕ್ಕೊಮ್ಮೆ, ಮನೆಯಲ್ಲಿ ಬೆಂಡೆ ಸಾಸಮೆ ತಿಂದು ಎಲ್ಲರಿಗೂ ಬೇಸರ ಬಂದಿದ್ದರೂ, ತೋಳು ಮುಚ್ಚುವ ಅಂಗಿ ತೊಟ್ಟು ಕತ್ತಿಯಿಂದ ತೊಟ್ಟು ಕತ್ತರಿಸಿ ಕೊಯ್ಯಲೇಬೇಕು. ತಪ್ಪಿ ಬಲಿತದ್ದು ಸಿಕ್ಕರೆ ಹಟ್ಟಿಯ ದನಕ್ಕೆ ಹಾಕಬಹುದು.