ಫೋನಿನ್ಯಾಗ ಮನಿ ಹೊಡೆತದ ಬಗ್ಗೆ ಕೇಳೋದು: ಪ್ರಶ್ನೆ ತಿದ್ದಿ ತಿದ್ದಿ ನಾ ಕಲ್ತಿದ್ದು

ಜೇವರ್ಗಿ ಕಡಿ ಒಂದ್ ಹಳ್ಳಿ ಅಕ್ಕ ಒಬ್ಬರಿಗೆ ಫೋನ್ ಹಚ್ಚಿದ್ದೆ, ನಮ್ಮ ಫೋನ್ ಸರ್ವೆದ ಟ್ರಯಲ್ ಕಾಲ್ ಶುರು ಆಗಿ ಮೂರ್ನಾಕು ದಿನ ಆಗಿತ್ತು ಅಷ್ಟ. ಆಕಿ ರೊಟ್ಟಿ ಬಡೀಲಿಕತ್ತಿದ್ರು, ಫೋನ್ ಹೆಗಲಿಗೂ ಕಿವಿಗೂ ನಡುಕ ಸಿಗಿಸ್ಕೊಂಡಿದ್ರು ಕಾಣ್ತದ, ಪಟ ಪಟ ಅಂತ ಸಪ್ಪಳ ನನಗ ಸ್ಪಷ್ಟ ಕೇಳ್ತಿತ್ತು. ನೀರು ಎಲ್ಲಿಂದ ತರ್ತೀರಿ, ದವಾಖಾನಿ ಎಷ್ಟ್ ದೂರ ಅದ, ಎಲ್ಲಾ ಛಂದ ಮಾತಾಡಿದ್ರು. ಆಮೇಲೆ ಹಾಳ್ಯಾಗ ಹೆಂಗಿತ್ತೋ ಹಂಗೇ ಓದಿದೆ: "ಕಳೆದ 12 ತಿಂಗಳಲ್ಲಿ ನಿಮ್ಮ ಪತಿ ನಿಮ್ಮ ಮೇಲೆ ದೈಹಿಕ ಹಿಂಸೆ ಎಸಗಿದ್ದಾರೆಯೇ?" ರೊಟ್ಟಿ ಸಪ್ಪಳ ನಿಂತ್ತು. "ಏನಂದ್ರಿ?" ಅಂದ್ರು. ನಾ ಮತ್ತೊಮ್ಮೆ ಅದನ್ನೇ ಓದಿದೆ. "ಹಿಂಸೆ ಗಿಂಸೆ ಏನಿಲ್ರಿ," ಅಂದು ಸ್ವಲ್ಪ ಸುಮ್ನಿದ್ದು ಸಣ್ಣ ದನೀಲೆ "ಒಮ್ಮೊಮ್ಮೆ ಕೈ ಮಾಡ್ತಾರ, ಅದೇನು ಎಲ್ಲಾರ ಮನ್ಯಾಗ ಇದ್ದದ್ದೇ" ಅಂದ್ರು. ಅಷ್ಟ್ರಾಗ ಹಿಂದಿಂದ ಗಂಡಸಿನ ದನಿ ಬಂತು, ಯಾರು ಕೈ ಮಾಡ್ತಾರಂತ ಹೇಳ್ಲಿಕತ್ತಿ ನೀ, ಅಂತ. ಫೋನ್ ಕಟ್ ಆಯ್ತು.

ಮರುದಿನ ಹಚ್ಚಿ ಕೇಳಬೇಕಂತ ಬಹಳ ಅನಿಸ್ತು, ಹಚ್ಚಲಿಲ್ಲ, ಹಚ್ಚಿದ್ರ ಆಕಿಗೇ ತ್ರಾಸ. ಆ ಅಕ್ಕಗ ಆಮೇಲೆ ಏನಾಯ್ತಂತ ಇವತ್ತಿಗೂ ನನಗ ಗೊತ್ತಿಲ್ಲ. ಆದ್ರ ಆವತ್ತು ರಾತ್ರಿನೇ ಪ್ರಶ್ನೆ ಹಾಳಿ ತಗೊಂಡು ಕುಂತೆ, ಇದನ್ನ ಹಿಂಗೇ ಬಿಟ್ರ ನಾವೇ ಹೆಣ್ಮಕ್ಕಳಿಗಿ ಹೊಡಿಸ್ದಂಗ ಆಗ್ತದಂತ.

ನಾ ಕಲಬುರಗಿಯಾಕಿ, ಮನಿ ಮನಿ ತಿರುಗಿ ಸರ್ವೆ ಮಾಡೋದೇ ನನ್ನ ಕೆಲಸ ಇತ್ತು, ಫೋನ್ ಸರ್ವೆ ಆಮೇಲೆ ಬಂದದ್ದು. ಈ ಕೆಲಸದಾಗ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲಾದ ಮದುವಿ ಆದ ಹೆಣ್ಮಕ್ಕಳಿಗಿ ಫೋನ್ ಮಾಡಬೇಕಿತ್ತು, ನಾವು ಆರು ಮಂದಿ ಹೆಣ್ಮಕ್ಕಳು, ನಾ ಸೂಪರ್‌ವೈಜರ್. ಪ್ರಶ್ನೆಗಳು ಇಂಗ್ಲಿಷಿನ್ಯಾಗ ತಯಾರಾಗಿ ಬೆಂಗಳೂರಿನ್ಯಾಗ ಕನ್ನಡ ಆಗಿ ಬಂದಿದ್ವು. ಮೂಲ ಪ್ರಶ್ನೆ ಕೆಟ್ಟ ಇರ್ಲಿಲ್ಲ. 1979ರಾಗ ಅಮೆರಿಕದ ಮರ್ರಿ ಸ್ಟ್ರಾಸ್ ಅನ್ನೋರು ಮಾಡಿದ ಅಳತಿಪಟ್ಟಿಯಿಂದ ಇಳದು ಬಂದದ್ದು ಅದು, ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂದ್ರ ಎನ್‌ಎಫ್‌ಎಚ್‌ಎಸ್‌ನವರೂ ಅದನ್ನೇ ಸ್ವಲ್ಪ ಬದಲು ಮಾಡಿ ಬಳಸ್ತಾರ: ದಬ್ಬಿದ್ದು, ಕಪಾಳಕ್ಕ ಹೊಡದದ್ದು, ಕೈ ತಿರುವಿದ್ದು, ಕೂದಲ ಜಗ್ಗಿದ್ದು, ಒದ್ದದ್ದು, ಹಿಂಗ ಒಂದೊಂದೇ ಕೇಳ್ತಾ ಹೋಗೋದು. ಆದ್ರ ಬೆಂಗಳೂರಿನ್ಯಾಗ ಯಾರೋ ಟೈಮ್ ಉಳಿಸ್ಲಿಕ್ಕೆ ಆ ಎಲ್ಲಾ ಕೂಡಿಸಿ "ದೈಹಿಕ ಹಿಂಸೆ" ಅಂತ ಒಂದೇ ಮಾಡಿ, ಅದಕ್ಕ ಹೌದು ಅಂದವರಿಗೆ ಮಾತ್ರ ಮುಂದ ಕೇಳ್ರಿ ಅಂತ ಇಟ್ಟಿದ್ರು. ಆ ಒಂದೇ ಗೇಟಿನ್ಯಾಗ ಎಲ್ಲಾರೂ ಹೊರಗೇ ಉಳೀತಿದ್ರು. ನಮ್ ಕಡಿ ಹಿಂಸೆ ಅಂದ್ರ ಆಸ್ಪತ್ರೆ ಸೇರೋಹಂಗ ಆಗಿರಬೇಕು, ಇಲ್ಲಾ ಪೇಪರ್‌ನ್ಯಾಗ ಬರಬೇಕು, ಕಪಾಳಕ್ಕ ಒಂದು ಬಿದ್ರ ಅದಕ್ಕ ಹಿಂಸೆ ಅಂತ ಯಾರೂ ಅನ್ನಂಗಿಲ್ಲ.

ಹೆಂಗ ಕೇಳ್ತೀವಿ ಅನ್ನೋದು ಎಷ್ಟು ದೊಡ್ಡದಂದ್ರ, ಎನ್‌ಎಫ್‌ಎಚ್‌ಎಸ್ 2019-21ರ ಸುತ್ತಿನ್ಯಾಗ ಕರ್ನಾಟಕದಾಗ 18ರಿಂದ 49 ವಯಸ್ಸಿನ ಮದುವಿ ಆದವರೊಳಗ ಗಂಡನಿಂದ ಹೊಡೆತ ಬಡಿತ ಇಲ್ಲಾ ಲೈಂಗಿಕ ಒತ್ತಾಯ ಆಗ್ಯಾದ ಅಂದವರು 44.4%, ಅದರ ಹಿಂದಿನ ಸುತ್ತಿನ್ಯಾಗ 20.6%. ಇದರಾಗ ಹೊಡೆತ ಹೆಚ್ಚಾಗಿದ್ದು ಎಷ್ಟು, ಬಾಯಿ ಬಿಟ್ಟು ಹೇಳೋದು ಹೆಚ್ಚಾಗಿದ್ದು ಎಷ್ಟು ಅಂತ ಬರೇ ಆ ನಂಬರ್ ನೋಡಿ ಹೇಳ್ಲಿಕ್ಕೆ ಬರಂಗಿಲ್ಲ. ಅವ್ರು ಮನಿಗಿ ಹೋಗಿ ಕೇಳ್ತಾರ, ಒಂದ್ ಮನ್ಯಾಗ ಒಬ್ಬರಿಗೇ ಕೇಳ್ತಾರ, ಏಕಾಂತ ಸಿಗಲಿಲ್ಲಂದ್ರ ಆ ಭಾಗ ಕೇಳೋದೇ ಇಲ್ಲ. ನಮಗ ಫೋನಿನ್ಯಾಗ ಆ ಕೋಣಿನೇ ಕಾಣಂಗಿಲ್ಲ, ಬಾಗಿಲ ಹಿಂದ ಯಾರು ನಿಂತಾರ ಅಂತ ಹೆಂಗ ಗೊತ್ತಾಗಬೇಕು.

ಮೊದಲ ತಿದ್ದಿದ್ದು ಉತ್ತರ. ಖರೇ ಹೇಳ್ತೀನಿ, ನಾ ಮೊದಲೆಲ್ಲಾ ಪ್ರಶ್ನೆದಾಗಿನ ಶಬ್ದ ಬದಲು ಮಾಡೋದರಾಗೇ ಇದ್ದೆ, ಆಮೇಲೆ ಆ ಅಕ್ಕನ ಕಾಲ್ ನೆನಸಿ ನೆನಸಿ ಹೊಳೀತು: ಆ ಗಂಡಗ ನನ್ನ ಪ್ರಶ್ನೆ ಕೇಳೇ ಇಲ್ಲ, ಅವ ಕೇಳಿದ್ದು ಆಕಿ ಬಾಯಾಗಿಂದ ಬಂದ "ಕೈ ಮಾಡ್ತಾರ" ಅನ್ನೋ ಎರಡು ಶಬ್ದ. ಬಾಜೂಕ ನಿಂತವರಿಗೆ ಅರ್ಧ ಕಾಲೇ ಕೇಳ್ತದ, ಅದೂ ಆಕಿ ಅರ್ಧ. ಅಂದಮ್ಯಾಲ ಆಕಿ ಬಾಯಾಗ ಏನ್ ಬರ್ತದ ಅಂತ ಮೊದಲ ಬರ್ಕೊಂಡು, ಅದಕ್ಕ ಹೊಂದೋಹಂಗ ಪ್ರಶ್ನೆ ಮಾಡಬೇಕು. ಎಲ್ಲಾ ಪ್ರಶ್ನೆಗೂ ಉತ್ತರ ಹೌದು, ಇಲ್ಲ, ಇಲ್ಲಾ ಒಂದು ನಂಬರ್, ಇಷ್ಟೇ ಬರೋಹಂಗ ಮಾಡಿದ್ವಿ. "ಯಾಕ ಹೊಡದ್ರು", "ಆವಾಗ ನೀವೇನ್ ಮಾಡಿದ್ರಿ" ಅಂತ ಬಾಯಿ ಬಿಡಿಸೋವು ಎಲ್ಲಾ ತೆಗದ್ವಿ, ಅವು ರಿಸರ್ಚಿಗೆ ಬೇಕಾದ್ವೇ, ಆದ್ರ ಫೋನಿಗಿ ಅಲ್ಲ. ನೀರಿನ ಪ್ರಶ್ನೆಗೂ, ಜ್ವರದ ಪ್ರಶ್ನೆಗೂ ಅದೇ ನಮೂನಿ ಉತ್ತರ ಇಟ್ವಿ, "ಬೋರ್‌ವೆಲ್ ನೀರಾದ್ರ ಒಂದು ಅನ್ರಿ, ನಳದ್ದಾದ್ರ ಎರಡು ಅನ್ರಿ" ಅಂತ, ಅಂದ್ರ ಕಾಲ್ ಶುರುವಿನಿಂದನೇ ಆಕಿ ಒಂದು, ಎರಡು, ಹೂನ್ರಿ, ಇಲ್ರಿ ಅನ್ಕೋತ ಹೋಗ್ತಾಳ, ನಡುಕ ಯಾವ ಪ್ರಶ್ನೆ ಬಂತಂತ ಮಗ್ಗಲದಾಗ ಇದ್ದವರಿಗೆ ತಿಳೀಬಾರದು.

ಬಾಯಿಲೆ ಹೇಳೋದೇ ಬ್ಯಾಡ, ಫೋನಿನ ಬಟನ್ ಒತ್ತಲಿ ಅಂತನೂ ಮಾಡಿ ನೋಡಿದ್ವಿ. ಸಣ್ಣ ಬಟನ್ ಫೋನಿದ್ದವರು ಒತ್ತತಿದ್ರು, ಟಚ್ ಫೋನಿದ್ದವರು ಕಿವಿಯಿಂದ ಫೋನ್ ತೆಗದು ನಂಬರ್ ಎಲ್ಲದ ಅಂತ ಹುಡುಕ್ಲಿಕ್ಕೆ ಹೋಗಿ ಸ್ಪೀಕರ್ ಆನ್ ಆಗಿಬಿಡ್ತಿತ್ತು, ಮಗಗ ಕರದು ಇದೆಲ್ಲದ ನೋಡೋ ಅಂತಿದ್ರು. ಎರಡೇ ದಿನಕ್ಕ ಬಿಟ್ವಿ.

ಶಬ್ದಗಳ ಸುದ್ದಿಗೆ ಬಂದ್ರ, ಸ್ತ್ರೀಶಕ್ತಿ ಸಂಘದ ಹೆಣ್ಮಕ್ಕಳ ಜೊತಿ ಒಬ್ಬೊಬ್ಬರಾಗಿ ಕುಂತು ಓದಿಸಿದ್ವಿ. ನಿಮಗ ಹಿಂಗ ಆಗ್ಯಾದೇನು ಅಂತ ಕೇಳಲಿಲ್ಲ, ಇದನ್ನ ಕೇಳಿದ್ರ ನಿಮ್ಮೂರಿನ್ಯಾಗ ಏನಂತ ತಿಳ್ಕೋತಾರ, ಅಷ್ಟೇ. "ಪತಿ" ಅಂದ್ರ ಪೂಜಾರಿ ಮಾತಾಡಿದಂಗ ಆಗ್ತದ ಅಂದ್ರು. "ನಿಮ್ ಮನಿಯವರು" ಅಂತ ಹಾಕಿದ್ರ ಅತ್ತಿ, ಮೈದುನ, ನಾದ್ನಿ ಎಲ್ಲಾರನೂ ಸೇರಿಸಿ ಹೇಳ್ಲಿಕತ್ತಿದ್ರು, ಅತ್ತಿ ಹೊಡದದ್ದೂ ಗಂಡನ ಲೆಕ್ಕಕ್ಕ ಬರ್ತಿತ್ತು. ಕೊನಿಗಿ ಹಿಂಗ ಮಾಡಿದ್ವಿ: ಮನ್ಯಾಗ ಯಾರ್ಯಾರು ಅದೀರಿ ಅಂತ ಮೊದಲೇ ಕೇಳೋದು, ಆಗ ಆಕಿ ಗಂಡಗ ಏನಂತ ಹೇಳ್ತಾಳ, ನಮ್ ಮಾಲಕರು ಅಂತಾಳೋ, ಯಜಮಾನ್ರು ಅಂತಾಳೋ, ಮಕ್ಕಳ ಹೆಸರ ಹಿಡದು ಇಂಥವರ ಅಪ್ಪ ಅಂತಾಳೋ, ಅದೇ ಶಬ್ದ ಕಂಪ್ಯೂಟರಿನ್ಯಾಗ ಟೈಪ್ ಮಾಡ್ಕೊಳ್ಳೋದು, ಮುಂದಿನ ಎಲ್ಲಾ ಪ್ರಶ್ನೆದಾಗ ಅದೇ ಬರ್ತದ.

"ಕೈ ಮಾಡೋದು" ನನಗ ಬಹಳ ಹಿಡಿಸಿತ್ತು, ನಮ್ಮವರು ಆಡೋ ಮಾತೇ ಅದು. ಆದ್ರ ತಿದ್ದಿದ ಕನ್ನಡವನ್ನ, ಮೂಲ ನೋಡದವರ ಕೈಲೆ ತಿರುಗಿ ಇಂಗ್ಲಿಷ್ ಮಾಡಿಸೋ ಪದ್ಧತಿ ಅದ, ಹಂಗ ಕಳಿಸಿದ್ರ ಮೈಸೂರ್ ಕಡಿ ಒಬ್ಬರು ಅದನ್ನ ಕೈ ಮಾಡಿ ಕರದದ್ದು ಅಂತ ಬರದು ಕಳಿಸ್ಯಾರ! ಇಲ್ಲಿ ಎಲ್ಲಾರಿಗೂ ತಿಳೀತಿತ್ತು ಖರೇ, ಆದ್ರೂ ಯೋಚನೆ ಮಾಡಿದ್ರ ಕೈ ಮಾಡೋದರಾಗ ಕಪಾಳಕ್ಕ ಹೊಡದದ್ದೂ ಬಂತು, ಬೆನ್ನಿಗಿ ಗುದ್ದಿದ್ದೂ ಬಂತು, ಎಷ್ಟು ದೊಡ್ಡ ಏಟು ಅಂತ ತಿಳಿಯಂಗಿಲ್ಲ. ಅದಕ್ಕ "ಕಪಾಳಕ್ಕ ಹೊಡದಾರೇನ್ರಿ", "ಕೂದಲ ಹಿಡದು ಜಗ್ಗ್ಯಾರೇನ್ರಿ", "ಮುಷ್ಟಿ ಕಟ್ಟಿ ಗುದ್ಯಾರೇನ್ರಿ" ಅಂತ ಬಿಡಿಬಿಡಿಯಾಗೇ ಕೇಳಿದ್ವಿ. ಉರ್ದು ಮಾತಾಡೋ ಮನಿಗಳಿಗೆ ಪುಸ್ತಕದ ಉರ್ದು ಬಿಟ್ಟು ನಮ್ಮ ದಖನಿಯಾಗೇ ಬರಸಿದ್ವಿ, ಔರಾದ್ ಭಾಲ್ಕಿ ಕಡಿ ಮರಾಠಿ ಬರೋ ಹುಡುಗಿಗೇ ಆ ಕಾಲ್ ಕೊಟ್ವಿ.

"ಕಳೆದ 12 ತಿಂಗಳು" ಅನ್ನೋದೂ ಹಂಗೇ. ಹೊಲದ ಕೆಲಸದವರು ತಿಂಗಳ ಲೆಕ್ಕ ಇಡಂಗಿಲ್ಲ, ಹಬ್ಬದ ಮ್ಯಾಲ ಇಡ್ತಾರ. ನಮ್ಮ ಕಾಲ್‌ಗಳು ತೊಗರಿ ರಾಶಿ ಮುಗಿಯೋ ಹೊತ್ತಿಗೆ ನಡದಿದ್ವು, ಅದಕ್ಕ "ಹೋದ ವರ್ಷದ ಎಳ್ಳಮಾಸಿಯಿಂದ ಈ ಎಳ್ಳಮಾಸಿ ತನಕ" ಅಂತ ಹಾಕಿದ್ವಿ, ಹೊಲಕ್ಕ ಹೋಗಿ ಚರಗ ಚೆಲ್ಲಿ ಭಜ್ಜಿ ಕಡಬು ಉಂಡದ್ದು ಯಾರೂ ಮರೆಯಂಗಿಲ್ಲ. ಮುಸ್ಲಿಂ ಮನಿಗಳಿಗೆ ರಮಜಾನ್ ಇಡೋಣ ಅಂದ್ರ ಅದು ವರ್ಷ ವರ್ಷ ಹತ್ತು ಹನ್ನೊಂದು ದಿನ ಹಿಂದ ಸರೀತದ, ಲೆಕ್ಕ ತಪ್ತದ, ಅವ್ರೂ ಒಕ್ಕಲುತನದವರಿದ್ರ ತೊಗರಿ ರಾಶಿನೇ ಗುರ್ತು.

ರೊಕ್ಕದ ಪ್ರಶ್ನೆದಾಗ ನಾ ಒಂದ್ ತಪ್ಪು ಮಾಡಿದೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆದಾಗ ಹೊಡೆತ ಅಷ್ಟೇ ಅಲ್ಲ, ಬೈಗುಳ, ಲೈಂಗಿಕ ಒತ್ತಾಯ, ಆಕಿ ರೊಕ್ಕ ಕಸಗೊಳ್ಳೋದು ಎಲ್ಲಾ ಬರ್ತದ, ಅದಕ್ಕ ರೊಕ್ಕದ ಬಗ್ಗೆ ಕೇಳಲೇಬೇಕಿತ್ತು. ಗೃಹಲಕ್ಷ್ಮಿ 2000 ರೂಪಾಯಿ ನಿಮ್ಮ ಕೈಯಾಗೇ ಉಳೀತದೇನು ಅಂತ ಬರದೆ, ಎಲ್ಲಾರಿಗೂ ತಿಳಿಯೋ ಮಾತು ಅಂತ. ತಿಳೀತು, ಆದ್ರ ಎಲ್ಲಾರೂ ಸರ್ಕಾರದವರು ವಿಚಾರಣಿ ಮಾಡ್ಲಿಕತ್ತಾರ, ರೊಕ್ಕ ಬಂದ್ ಆಗ್ತದಂತ ಹೆದರಿದ್ರು, ಒಬ್ಬ ಅಕ್ಕ ಅಳಲಿಕ್ಕೇ ಶುರು ಮಾಡಿದ್ರು. ಅವತ್ತೇ ತೆಗದು "ನೀವು ದುಡದ ಕೂಲಿ ರೊಕ್ಕ ನಿಮಗ ಕೇಳದಂಗ ತಗೊಂಡಾರೇನ್ರಿ" ಅಂತ ಮಾಡಿದೆ.

ಮಲಗೋ ಕೋಣಿ ಪ್ರಶ್ನೆ ಎಲ್ಲಾರಿಗೂ ಕಷ್ಟ ಆಯ್ತು, ಕೇಳೋ ನಮ್ಮ ಹುಡುಗ್ಯಾರಿಗೂ. "ಲೈಂಗಿಕ ಸಂಪರ್ಕ" ಅಂದ್ರ ಅರ್ಧ ಮಂದಿಗೆ ತಿಳೀತಿರ್ಲಿಲ್ಲ, ತಿಳದವರು ಫೋನ್ ಇಡ್ತಿದ್ರು. "ನಿಮಗ ಮನಸ್ಸಿಲ್ಲದಾಗ ಒತ್ತಾಯ ಮಾಡಿ ಕೂಡ್ಯಾರೇನ್ರಿ" ಅನ್ನೋದು ನಿಂತ್ತು. ಅದಕ್ಕಿಂತ ಮೊದಲ "ಇನ್ನೊಂದು ಮಾತು ಕೇಳ್ತೀನಿ, ಬ್ಯಾಡಾದ್ರ ಒಂಬತ್ತು ಅನ್ರಿ, ಮುಂದ ಹೋಗೋಣ" ಅಂತ ಸೇರಿಸಿದ್ವಿ. ಒಂಬತ್ತು ಅಂದವರಿಗೆ ಮತ್ತೊಮ್ಮೆ ಕೇಳಬಾರದು. ಆಫೀಸಿನವರು ಉತ್ತರ ಕಡಿಮಿ ಆಗ್ತದ ಅಂತ ಕುರ್ರ್ ಅಂದ್ರು, ನಾ ಅದರಾಗ ಒಂದು ಅಕ್ಷರನೂ ಬಿಡಲಿಲ್ಲ.

ಇನ್ನ ನನಗ ಹೊಳೀದೇ ಹೋದವು. ಅರ್ಧ ಕಾಲಷ್ಟೇ ಕೇಳ್ತದ ಅಂತ ನಾ ಧೈರ್ಯದಾಗಿದ್ದೆ, ನಮ್ಮ ಹುಡುಗಿ ಒಬ್ಬಾಕಿ ಅಂದ್ಳು, ಅಕ್ಕಾ ನಮ್ಮಣ್ಣನ ಫೋನಿನ್ಯಾಗ ಎಲ್ಲಾ ಕಾಲ್ ತಾನೇ ರೆಕಾರ್ಡ್ ಆಗ್ತಾವ ಅಂತ. ಹೌದಲ್ಲ! ಬಹಳ ಮನ್ಯಾಗ ಫೋನ್ ಗಂಡಂದೇ, ಆಕಿ ಕೈಗಿ ಹಗಲಿನ್ಯಾಗ ಸಿಗ್ತದ ಅಷ್ಟೇ, ಸಂಜಿಗಿ ಅವ ಕುಂತು ಕೇಳಿದ್ರ ನನ್ನ ಪ್ರಶ್ನೆನೂ ಕೇಳ್ತದ. ಅದಕ್ಕ ಈ ಭಾಗ ಶುರು ಮಾಡೋ ಮೊದಲು ಮೂರು ಕೇಳ್ತಿದ್ವಿ: ಈ ಫೋನ್ ನಿಮ್ಮದೇನ್ರಿ, ಸ್ಪೀಕರ್ ಹಾಕಿರೇನ್ರಿ, ಈ ಫೋನಿನ್ಯಾಗ ಮಾತಾಡಿದ್ದು ರೆಕಾರ್ಡ್ ಆಗ್ತದೇನ್ರಿ. ಫೋನ್ ಆಕಿದಲ್ಲಂದ್ರ, ರೆಕಾರ್ಡ್ ಗೊತ್ತಿಲ್ಲ ಅಂದ್ರ, ನೀರು ದವಾಖಾನಿ ಕೇಳಿ ಮುಗಿಸೋದು, ಹೊಡೆತದ ಸುದ್ದಿ ತೆಗೆಯೋದೇ ಇಲ್ಲ. ಹಿಂಗ ಎಷ್ಟೋ ಕಾಲ್ ಹೋದ್ವು, ಅಂಥಾ ಮನ್ಯಾಗೇ ತ್ರಾಸ ಹೆಚ್ಚಿರಬಹುದು, ಅಂದ್ರ ನಮ್ಮ ಲೆಕ್ಕ ಕಡಿಮಿನೇ ಬರ್ತದ, ಅದನ್ನ ರಿಪೋರ್ಟಿನ್ಯಾಗ ಸ್ಪಷ್ಟ ಬರೀಬೇಕು ಅಂತ ಹಟ ಹಿಡದು ಬರಸಿದೆ. ಎರಡು ವರ್ಷಕ್ಕಿಂತ ದೊಡ್ಡ ಕೂಸು ಬಾಜೂಕಿದ್ರೂ ಕೇಳಂಗಿಲ್ಲ, ಇದು ವಿಶ್ವ ಆರೋಗ್ಯ ಸಂಸ್ಥೆಯವರು ಮೊದಲಿಂದ ಹೇಳೋ ಮಾತು. ಮಕ್ಕಳು ಅಪ್ಪನ ಮುಂದ ಹೇಳಿಬಿಡ್ತಾವ.

ಟ್ರೂಕಾಲರ್‌ದೂ ಹಿಂಗೇ ಆಯ್ತು. ಯಾರೋ ನಮ್ಮ ಆಫೀಸ್ ಸಿಮ್ ನಂಬರನ್ನ "ಮಹಿಳಾ ದೌರ್ಜನ್ಯ ಸರ್ವೆ" ಅಂತ ಸೇವ್ ಮಾಡ್ಯಾರ, ಮುಂದ ಎಲ್ಲಾರ ಫೋನಿನ್ಯಾಗೂ ರಿಂಗ್ ಆದಾಗ ಅದೇ ಹೆಸರು. ನೋಡಿ ಎದಿ ಧಸಕ್ ಅಂತು. ಎಲ್ಲಾ ಸಿಮ್ ಬದಲು ಮಾಡಿದ್ವಿ, ಆಮೇಲೆ ದಿನಾ ಮುಂಜಾನಿ ಮೊದಲ ಕೆಲಸ ನಮ್ಮ ನಂಬರ್ ನಾವೇ ಹುಡುಕಿ ನೋಡೋದು. ಮಿಸ್ಡ್ ಕಾಲ್ ನೋಡಿ ಗಂಡಸರು ತಿರುಗಿ ಹಚ್ಚಿದ್ರ "ಆರೋಗ್ಯದ ಸರ್ವೆ ರೀ" ಅಂದು ನೀರಿನ ಪ್ರಶ್ನೆ ಕೇಳೋದು. ಪ್ರತಿ ಸಲ ಪ್ರಶ್ನೆ ಬದಲಾದಾಗ, ಸರ್ವೆದಿಂದ ಯಾರಿಗೂ ತ್ರಾಸ ಆಗಬಾರದಂತ ನೋಡೋ ಎಥಿಕ್ಸ್ ಕಮಿಟಿಗೆ ಕಳಿಸಿ ಒಪ್ಪಿಗಿ ತಗೊಳ್ಳೋದು ಇದ್ದೇ ಇತ್ತು, ಅದಕ್ಕ ಟೈಮ್ ಹಿಡೀತದ, ಹಿಡೀಲಿ.

ಕಾಲ್ ಮುಗಿಸೋ ಮೊದಲು ಹೌದು ಅಂದವರಿಗೂ ಇಲ್ಲ ಅಂದವರಿಗೂ ಸಹಾಯದ ನಂಬರ್ ಹೇಳ್ತಿದ್ವಿ: ಮಹಿಳಾ ಸಹಾಯವಾಣಿ 181, ಪೊಲೀಸ್ 112, ಪುಕ್ಕಟ ವಕೀಲರಿಗೆ 15100. ಬರೇ ಬಾಯಿಲೆ, ಮೆಸೇಜ್ ಕಳಿಸೋದಿಲ್ಲ, ಮೆಸೇಜ್ ಉಳೀತದ. ಮೂರೂ ಹೇಳಿದ್ರ ಒಂದೂ ನೆನಪಿರಂಗಿಲ್ಲ ಅಂತ ತಿಳೀತು, ಆಮೇಲೆ 181 ಒಂದೇ ಹೇಳಿ, ಒಮ್ಮೆ ತಿರುಗಿ ಹೇಳ್ರಿ ಅಂತಿದ್ವಿ.

ಶಹಾಪುರ ಕಡಿ ಒಬ್ಬಾಕಿ, ಬಹಳ ಸಣ್ಣ ವಯಸ್ಸು, ಎಲ್ಲಾದಕ್ಕೂ ಹೂನ್ರಿ ಹೂನ್ರಿ ಅಂದಿದ್ಳು. ನಂಬರ್ ಹೇಳೋ ಹೊತ್ತಿಗೆ ಹಿಂದ ಯಾರೋ ಬಂದ ಸಪ್ಪಳ ಆಯ್ತು. ನಾ ಸುಮ್ನಾದೆ. ಆಕಿ ತಡೀಲಿಲ್ಲ, ದನಿ ಏರಿಸಿ "ಹಾಂ ರೀ, ಒಂದು ಎಂಟು ಒಂದು, ಗ್ಯಾಸ್ ಬುಕ್ ಮಾಡೋ ನಂಬರ್ ಅಲ್ಲೇನ್ರಿ?" ಅಂದ್ಳು. "ಹೌದವ್ವಾ, ಗ್ಯಾಸಿಂದೇ" ಅಂದೆ. "ಸಿಲಿಂಡರ್ ಖಾಲಿ ಆದ್ರ ಹಚ್ತೀನ್ರಿ" ಅಂದು ಇಟ್ಟಳು. ಮರುದಿನದಿಂದ ನಮ್ಮ ಸ್ಕ್ರಿಪ್ಟಿನ ಕೊನಿ ಸಾಲು ಬದಲಾಯ್ತು: "ಈ ನಂಬರ್ ಯಾವುದರದ್ದಂತ ನೆನಪಿಟ್ಕೋತೀರಿ, ಹಾಲಿಂದೋ, ಗ್ಯಾಸಿಂದೋ?"