ದಿಮ್ಮಿ ಎತ್ತದ ಹೈಡ್ರಾಲಿಕ್ ತೋಳು: ನನ್ನ ಅನುಭವ

ಪೆನ್ಸಿಲ್ವೇನಿಯಾದ ನಮ್ಮ ಮನೆ ಹಿಂದೆ ಬಿದ್ದ ಓಕ್ ಮರಗಳನ್ನು ನಾನೇ ಕೊಯ್ಯುತ್ತೇನೆ. 10 ಅಡಿ ಉದ್ದ, 20 ಇಂಚು ದಪ್ಪದ ಹಸಿ ದಿಮ್ಮಿ ಸುಮಾರು 600 ಕಿಲೋ ತೂಗುತ್ತದೆ. ಸನ್ನೆಕೋಲಿನಿಂದ ಹೊರಳಿಸಿ ಹೊರಳಿಸಿ ಸೊಂಟ ಹಿಡಿಯಿತು. ಕೊನೆಗೆ ಮರ ಕೊಯ್ಯುವ, ಕೈಯಿಂದ ತಳ್ಳುವ ಮಿಲ್ ಮಾರಿ, ಎಣ್ಣೆಯ ಒತ್ತಡದಿಂದ ದಿಮ್ಮಿ ಎತ್ತುವ ಹಳೆಯ ಹೈಡ್ರಾಲಿಕ್ ಮಿಲ್ ತಂದೆ.

ಮೊದಲ ದಿನವೇ ದಿಮ್ಮಿ ಎತ್ತುವ ತೋಳು ಅರ್ಧಕ್ಕೆ ನಿಂತಿತು. ಪಂಪ್ ಕೆಟ್ಟಿದೆ ಅಂದುಕೊಂಡೆ. ಆದರೆ ಎಣ್ಣೆ ಸರಿಯಾಗಿತ್ತು, ಸೋರಿಕೆಯೂ ಇರಲಿಲ್ಲ. ಈ ಪಂಪ್ ಓಡುವುದು 12 ವೋಲ್ಟ್ ಬ್ಯಾಟರಿಯಿಂದ ಅಲ್ವಾ? ಹೆಂಡತಿ ಲಿವರ್ ಒತ್ತಿದಾಗ ನಾನು ಮೀಟರ್ ಹಿಡಿದೆ. ಬ್ಯಾಟರಿಯಲ್ಲಿ 12 ವೋಲ್ಟ್, ಪಂಪ್ ಓಡಿಸುವ ಮೋಟಾರ್ ಬಳಿ ಬರೀ 9! ಅರ್ಥಿಂಗ್ ಕೇಬಲ್ಲಿನ (ಬ್ಯಾಟರಿಯ ನೆಗೆಟಿವ್ ಕಡೆಯ ತಂತಿ) ತುದಿಗೆ ಹಸಿರು ಕಿಲುಬು ಹಿಡಿದಿತ್ತು. ಬ್ಯಾಟರಿ ಬಿಚ್ಚಿ, ತುದಿಯನ್ನು ಹೊಳೆಯುವ ತನಕ ಉಜ್ಜಿ, ಬಿಗಿಯಾಗಿ ಕೂರಿಸಿದೆ. ಸುಮ್ನೆ ಹೊಸ ಪಂಪ್ ತರಿಸುವವನಿದ್ದೆ. ನಿನ್ನೆ ಸಂಜೆಯೊಳಗೆ ನಾಲ್ಕು ದಿಮ್ಮಿ ಹಲಗೆಯಾದವು.